ಐದನೇ ಪ್ರಶ್ನೆ, ಹತ್ತು ಅಂಕ

ಅವನು ಹೇಳುತ್ತಾನೆ, ನಾನು ಬರೆಯುತ್ತೇನೆ.
ನಮಗೆಂದು ಬಿಟ್ಟುಕೊಟ್ಟದ್ದು ಆಟದ ಸಾಮಾನಿನ ಕೋಣೆ;
ಮೂಲೆಯಲ್ಲಿ ಗಾಳಿ ಹೋದ ವಾಲಿಬಾಲು, ಒಂಟಿ ಶೂ,
ಕೇರಂ ಬೋರ್ಡಿನ ಮೇಲೆ ಪ್ರಶ್ನೆಪತ್ರಿಕೆ.
ಹೊರಗೆ ಹದಡಿ ರಸ್ತೆಯಲ್ಲಿ ಬಸ್ಸೊಂದು ಗೇರು ಬದಲಿಸುತ್ತದೆ.

ಓಬಳೇಶ, ಜಗಳೂರು ಕಡೆಯವನು, ಬಿ.ಎ. ಎರಡನೇ ವರ್ಷ.
ಬೆರಳು ಬೋರ್ಡಿನ ಅಂಚನ್ನು ಅಳೆಯುತ್ತಲೇ ಇರುತ್ತದೆ,
ಉತ್ತರ ಎಷ್ಟುದ್ದ ಬೇಕೆಂದು ನೋಡುವ ಹಾಗೆ.
'ಓದು' ಅಂದ. ಓದಿದೆ:
ಸರ್ಕಾರದ ಉನ್ನತ ಶಿಕ್ಷಣ ನೀತಿಯಲ್ಲಿ
ಒಳಗೊಳ್ಳುವಿಕೆಯ ಪರಿಕಲ್ಪನೆಯನ್ನು ವಿವರಿಸಿ.

ಒಂದೇ ಪದಕ್ಕೆ ಮೂರು ಳ.
ನಮ್ಮ ಅಮ್ಮಿಯ ನಾಲಿಗೆಗೆ ಒಂದೂ ಬರುವುದಿಲ್ಲ.
ಮಂಡಕ್ಕಿ ಭಟ್ಟಿಯ ಬಾಗಿಲಲ್ಲಿ ಯಾರು ನಿಂತರೂ
'ಒಲಗೆ ಬಾ, ಒಲಗೆ ಬಾ' ಎನ್ನುತ್ತಾಳೆ,
ಹೊಗೆಯಲ್ಲಿ ಮುಖ ಕಾಣದಿದ್ದರೂ.

ಅವನು ಶುರು ಮಾಡಿದ. ಪರೀಕ್ಷೆಯ ಕನ್ನಡ ಅವನಿಗೆ ಸಲೀಸು.
'ಸಾಮಾಜಿಕವಾಗಿ ಹಿಂದುಳಿದವರು, ಕಾಮಾ ಹಾಕು,
ಮಹಿಳೆಯರು, ಅಂಗವಿಕಲರು, ಮೊದಲ ತಲೆಮಾರಿನ ಕಲಿಕಾರ್ಥಿಗಳು...'
ಮೊಬೈಲಿನಿಂದ ಪಾಠ ಓದಿಸಿಕೊಂಡು, ಕೇಳಿ ಕೇಳಿ
ಅದರ ಉಸಿರಿಲ್ಲದ ಲಯ ಇವನ ಮಾತಿಗೂ ಬಂದಿದೆ.
'ಶೀರ್ಷಿಕೆಗೆ ಅಡಿಗೆರೆ ಎಳಿ.'
ಎಳೆದೆ. ಸ್ಕೇಲು ಇರಲಿಲ್ಲ, ಹಾಲ್ ಟಿಕೆಟ್ಟಿನ ಅಂಚು ಸಾಕಾಯಿತು.

'ಉದಾಹರಣೆ ಕೊಡಬೇಕು' ಅಂದು ಸುಮ್ಮನಾದ.
ಆಮೇಲೆ, 'ರ‍್ಯಾಂಪ್ ಅಂತ ಬರಿ.'
ಈ ಕಾಲೇಜಿಗೂ ಇದೆ ರ‍್ಯಾಂಪು, ಹೋದ ವರ್ಷ
ಪರಿಶೀಲನಾ ತಂಡ ಬರುವ ವಾರ ಕಟ್ಟಿದ್ದು;
ಕಂಬಿಯ ಹಳದಿ ಇನ್ನೂ ಅಂಗೈಗೆ ಅಂಟುತ್ತದೆ.
ಹತ್ತಿ ಹೋದರೆ ಸಿಗುವ ಬಾಗಿಲಿಗೆ ಬೀಗ,
ಬೀಗದ ಕೈ ರಜೆಯಲ್ಲಿರುವ ಅಟೆಂಡರ್ ಹತ್ತಿರ.
ಅದನ್ನು ಅವನು ಹೇಳಲಿಲ್ಲ, ನಾನು ಬರೆಯಲಿಲ್ಲ.
ಹೇಳದ್ದನ್ನು ಬರೆಯುವ ಹಕ್ಕು ನನಗಿಲ್ಲ.

ನನಗಿರುವ ಅರ್ಹತೆ ಒಂದೇ, ಕಡಿಮೆ ಓದಿರುವುದು.
ಬರೆಯುವವರು ಪರೀಕ್ಷೆ ಕೊಡುವವರಿಗಿಂತ
ಒಂದು ಮೆಟ್ಟಿಲು ಕೆಳಗಿರಬೇಕಂತೆ, ಆಫೀಸಿನಲ್ಲಿ ಹೇಳಿದರು.
ಪಿಯುಸಿ ಆಗಿ ಮೂರು ವರ್ಷ ಮನೆಯಲ್ಲಿ,
ಅಂಕಪಟ್ಟಿಯ ನಕಲು ತಿರುಗಿಸಿ ನೋಡಿ
'ಅರ್ಹಳು' ಎಂದು ಬರೆದು ಸೀಲು ಒತ್ತಿದರು.
ಆ ಪದ ನನ್ನ ಹೆಸರಿನ ಪಕ್ಕ ಬಂದದ್ದು ಅದೇ ಮೊದಲು.

ಅರ್ಜಿಯ ಕೊನೆಯ ದಿನ ಅಮ್ಮಿಯ ಮುಂಗೈ ಮೇಲೆ
ಬಾಣಲೆಯ ಕಾದ ಮರಳು ಚೆಲ್ಲಿತ್ತು.
ಆಸ್ಪತ್ರೆಯಲ್ಲಿ ಚೀಟಿಗೆ ಸಾಲು, ಮುಲಾಮಿಗೆ ಸಾಲು.
ಮರುದಿನ ಸೈಬರ್ ಅಂಗಡಿಯಲ್ಲಿ ಕೆಂಪಕ್ಷರ: ಗಡುವು ಮುಗಿದಿದೆ.
ಆ ವರ್ಷ ಹಾಗೆ ಹೋಯಿತು.
ಮುಂದಿನವು ಕಾರಣವನ್ನೂ ಕೊಡದೆ ಹೋದವು.

'ಬರದ್ಯಾ?'
'ಹ್ಞೂಂ.'
'ಎಲ್ಲಿಗ್ ಬಂತು?'
'ಯಾರೊಬ್ಬರೂ ಹೊರಗುಳಿಯದಂತೆ, ಅಲ್ಲಿಗೆ.'
'ಇನ್ನೊಂದ್ಸಲ ಓದು.'
ಓದಿದೆ. 'ಹೊರಗುಳಿ'ಯ ಹತ್ತಿರ ದನಿ ಎಡವಿತು.
ಅಂಥದ್ದು ಅವನ ಕಿವಿಗೆ ತಪ್ಪುವುದಿಲ್ಲ.
ಬೆರಳು ನಿಂತಿತು.

ಬೆಲ್ ಹೊಡೆದು ಉಳಿದವರೆಲ್ಲ ಹೋದರು.
ನಮಗೆ ಇನ್ನೊಂದು ಗಂಟೆ ಹೆಚ್ಚುವರಿ ಸಮಯ.
ಮೇಡಂ ಬ್ಯಾಗಿನ ಜಿಪ್ಪು ತೆಗೆದು ಹಾಕಿದ್ದು ಅವನಿಗೆ ಕೇಳಿಸಿತು,
ಗಡಿಯಾರ ನೋಡಿದ್ದು ನನಗೆ ಕಂಡಿತು.
'ಕೊನೆಗೆ ಏನ್ ಹಾಕಣ?' ಅಂದ.
'ನಾನ್ ಹೇಳಂಗಿಲ್ಲ.'
'ಗೊತ್ತು.'
ಒಂದು ಸಾಲು ಖಾಲಿ ಬಿಡಿಸಿದ. ಉಪಸಂಹಾರ ಅಂತ ಬರೆಸಿದ.
ನೀತಿ ಇನ್ನಷ್ಟು ಪರಿಣಾಮಕಾರಿಯಾಗಿ ಜಾರಿಯಾಗಬೇಕು, ಇತ್ಯಾದಿ.
ಏಳು ಅಂಕಕ್ಕೇನೂ ಮೋಸವಿಲ್ಲ.

ಲಿಪಿಕಾರರ ಹೆಸರು: ಮುಬೀನಾ. ವಿದ್ಯಾರ್ಹತೆ: ಪಿಯುಸಿ.
ಮೂವತ್ತೆರಡು ಪುಟವೂ ನನ್ನ ಅಕ್ಷರ,
ನನ್ನದು ಮಾತ್ರ ಈ ಒಂದು ಗೆರೆ.

ಮೆಟ್ಟಿಲಲ್ಲೇ ಇಳಿದೆವು, ನನ್ನ ಮೊಣಕೈ ಹಿಡಿದಿದ್ದ,
ಏಳೂ ಮೆಟ್ಟಿಲು ಅವನಿಗೆ ಬಾಯಿಪಾಠವಿದ್ದರೂ.
'ಬರೋ ತಿಂಗ್ಳು ಅಡ್ಮಿಶನ್ನು' ಅಂದ.
'ನೀನ್ ಸೇರಿದ್ರೆ ಮತ್ತೆ ನಂಗೆ ಬರಿಯಂಗಿಲ್ಲ, ಅಲ್ಲಾ?'
'ಇಲ್ಲ.'
'ಹಂಗಾರೆ ಈಗಿಂದ್ಲೇ ಬೇರೆಯೋರ್ನ ಹುಡುಕ್ತೀನಿ.'
ಮೊಣಕೈ ಬಿಟ್ಟ. ಮಡಿಸಿದ ಬಿಳಿ ಕೋಲು
ಟಕಟಕನೆ ನಾಲ್ಕು ತುಂಡು ಕೂಡಿ ಉದ್ದವಾಯಿತು.
ಗೇಟಿನ ಕಡೆ ಹೊರಟೇಬಿಟ್ಟ.
ನಾನಿನ್ನೂ ಹ್ಞೂಂ ಅಂದಿರಲಿಲ್ಲ.